ಗೊತ್ತಿರುವ ಕಥೆ, ಗೊತ್ತಿಲ್ಲದ ಲೋಕ: ಫ್ಯಾಂಟಸಿಯನ್ನು ದೊಡ್ಡವರಾಗಿ ಮರಳಿ ಓದುವ ಬಗೆ

ಹದಿಮೂರು ಹದಿನಾಲ್ಕನೇ ವಯಸ್ಸಿನಲ್ಲಿ ಊಟ ನಿದ್ದೆ ಮರೆಸಿದ್ದ ಫ್ಯಾಂಟಸಿ ಕಾದಂಬರಿಯನ್ನು ಎಷ್ಟೋ ವರ್ಷಗಳ ಮೇಲೆ ಮತ್ತೆ ಕೈಗೆತ್ತಿಕೊಂಡವರಲ್ಲಿ ಬಹಳ ಜನ ಐವತ್ತು ಅರವತ್ತು ಪುಟಕ್ಕೇ ನಿಲ್ಲಿಸಿಬಿಡುತ್ತಾರೆ. ಪುಸ್ತಕವೇ ಸಪ್ಪೆ ಅಂತಲೋ, ತಮ್ಮ ಕಲ್ಪನೆಯೇ ಬತ್ತಿತು ಅಂತಲೋ ಅಂದುಕೊಳ್ಳುತ್ತಾರೆ. ಎರಡೂ ನಿಜವಲ್ಲ. ಮುಂದೇನಾಗುತ್ತದೋ ಎಂಬ ಕಾತರದಲ್ಲಿ ಓದಿದ ಪುಸ್ತಕದಲ್ಲಿ ಅದೇ ಕಾತರವನ್ನು ಎರಡನೇ ಸಲ ಹುಡುಕಿದರೆ ಸಿಗುವುದಿಲ್ಲ, ಅಷ್ಟೇ.

ಆದರೆ ಕಥೆ ಮೊದಲೇ ಗೊತ್ತಿರುವುದರಿಂದ ಒಂದು ದೊಡ್ಡ ಲಾಭವಿದೆ. ಯಾರು ಸಾಯುತ್ತಾರೆ, ಯಾರು ಕೈಕೊಡುತ್ತಾರೆ ಎಂಬ ಆತಂಕ ಇಲ್ಲದ ಕಣ್ಣಿಗೆ ಹಿನ್ನೆಲೆ ಕಾಣತೊಡಗುತ್ತದೆ. ಈ ಕೋಟೆಗೆ ಧಾನ್ಯ ಎಲ್ಲಿಂದ ಬರುತ್ತದೆ? ಈ ದಾರಿ ಹಾಕಿಸಿದವರು ಯಾರು? ಪಾಳುಬಿದ್ದ ಗೋಪುರಕ್ಕೆ ಎರಡು ಭಾಷೆಗಳಲ್ಲಿ ಹೆಸರು ಏಕಿದೆ? ಮನೆ ನಡೆಸಿದವರಿಗೆ, ಸಂಬಳಕ್ಕೆ ದುಡಿದವರಿಗೆ, ಕಾಯಿಲೆಯವರ ಪಕ್ಕ ರಾತ್ರಿ ಕಳೆದವರಿಗೆ ಇಂಥ ಪ್ರಶ್ನೆಗಳು ತಾವಾಗಿ ಹೊಳೆಯುತ್ತವೆ. ಚಿಕ್ಕವರಾಗಿದ್ದಾಗ ಆ ಲೋಕವನ್ನು ನಂಬಿದ್ದಿರಿ. ಈಗ ಅದು ಯಾವುದರ ಮೇಲೆ ನಿಂತಿದೆ ಎಂದು ನೋಡುವ ಶಕ್ತಿ ನಿಮಗಿದೆ. ಕಲ್ಪನಾಲೋಕಗಳ ಮೇಲಿನ ಹಳೆಯ ಪ್ರೀತಿ ಮರಳುವುದು ಈ ನೋಟದಿಂದಲೇ. ಅದಕ್ಕೊಂದು ಕ್ರಮವಿದೆ.

ಯಾವ ಪುಸ್ತಕ, ಎಷ್ಟು ಸಿದ್ಧತೆ

ಮೊದಲು ಆಯ್ಕೆ. ಬಾಲ್ಯದಲ್ಲಿ ಇಷ್ಟವಾದ ಮೂರು ನಾಲ್ಕು ಪುಸ್ತಕಗಳ ಹೆಸರು ಬರೆದುಕೊಂಡು, ಒಂದೊಂದರ ಬಗ್ಗೆ ಪುಸ್ತಕ ತೆರೆಯದೆ ಹತ್ತು ನಿಮಿಷ ನೆನಪಿದ್ದದ್ದನ್ನೆಲ್ಲ ಗೀಚಿ. ಘಟನೆಗಳಿಗಿಂತ ಜಾಗಗಳು ಹೆಚ್ಚು ನೆನಪಾದ ಪುಸ್ತಕವನ್ನೇ ಆರಿಸಿ. ಸೇತುವೆ, ಸುರಂಗ, ಮಾರುಕಟ್ಟೆ, ಯಾವುದೋ ದ್ವೀಪದ ಮಂಜು ಹೀಗೆ. ಕಾಳಗ ಮತ್ತು ತಿರುವುಗಳು ಮಾತ್ರ ನೆನಪಿರುವ ಪುಸ್ತಕ ಈ ಕೆಲಸಕ್ಕೆ ಅಷ್ಟಾಗಿ ಒದಗುವುದಿಲ್ಲ. 300ರಿಂದ 450 ಪುಟದ ಒಂದೇ ಸಂಪುಟ ಸಾಕು. ಹತ್ತು ಸಂಪುಟಗಳ ಸರಣಿಯಾದರೆ ಮೊದಲನೆಯದನ್ನು ಮಾತ್ರ ಹಿಡಿಯಿರಿ. ಇಡೀ ಸರಣಿ ಓದುತ್ತೇನೆಂದು ಹೊರಟರೆ ಎರಡನೇ ಸಂಪುಟದ ಹೊತ್ತಿಗೆ ಪುಟ ಮುಗಿಸುವುದೇ ಗುರಿಯಾಗಿ, ನೋಡುವ ವ್ಯವಧಾನ ಹೋಗುತ್ತದೆ.

ಆರಿಸಿದ ಪುಸ್ತಕದ ನಕ್ಷೆಯನ್ನು ನೆನಪಿನಿಂದಲೇ ಒಂದು ಹಾಳೆಯ ಮೇಲೆ ಬಿಡಿಸಿ. ಹದಿನೈದು ನಿಮಿಷ ಸಾಕು, ಚಿತ್ರ ಚೆನ್ನಾಗಿರಬೇಕಿಲ್ಲ. ಪುಸ್ತಕದಲ್ಲಿ ಅಚ್ಚಾದ ನಕ್ಷೆಯನ್ನು ಮುಂಚೆಯೇ ನೋಡಬೇಡಿ. ನೆನಪಿನ ನಕ್ಷೆಯಲ್ಲಿ ತಪ್ಪುಗಳಿದ್ದೇ ಇರುತ್ತವೆ, ಮತ್ತು ಆ ತಪ್ಪುಗಳೇ ಅಮೂಲ್ಯ: ಲೇಖಕರು ಬರೆಯದ ಬೆಟ್ಟವನ್ನು ನೀವು ಇಟ್ಟಿದ್ದರೆ ಅದು ನೀವು ಕಟ್ಟಿದ ಬೆಟ್ಟ. ಹಾಳೆಯ ಮೇಲೆ ತಾರೀಖು ಹಾಕಿ ತೆಗೆದಿಡಿ, ತಿದ್ದಬೇಡಿ.

ಸಾಮಗ್ರಿ ಹೆಚ್ಚೇನೂ ಬೇಡ. 100 ಪುಟದ ಗೆರೆಯಿಲ್ಲದ ನೋಟ್‌ಬುಕ್, ಒಂದು ಮೆತ್ತನೆಯ ಪೆನ್ಸಿಲ್, ಪುಟಗಳ ನಡುವೆ ಇಡಲು ತೆಳು ಕಾಗದದ ಚೀಟಿಗಳು. ಟಿಪ್ಪಣಿಗೆ ಪುಟಸಂಖ್ಯೆಯ ಬದಲು ಅಧ್ಯಾಯದ ಸಂಖ್ಯೆ ಹಾಕಿ. ಬೇರೆ ಮುದ್ರಣದಲ್ಲಿ ಪುಟಗಳು ಬದಲಾಗುತ್ತವೆ, ಅಧ್ಯಾಯಗಳು ಸಾಮಾನ್ಯವಾಗಿ ಬದಲಾಗುವುದಿಲ್ಲ. ಇ-ಪುಸ್ತಕದಲ್ಲಿ ಓದುವವರು ಗೆರೆ ಎಳೆಯುವ ಸೌಲಭ್ಯವನ್ನು ನೆಚ್ಚಿಕೊಳ್ಳದಿರುವುದು ಮೇಲು. ಬೆರಳು ಸವರಿದರೆ ಗೆರೆ ಬೀಳುವುದರಿಂದ ನೂರಾರು ಸಾಲುಗಳು ಸೇರಿಕೊಳ್ಳುತ್ತವೆ, ಒಂದನ್ನೂ ಯಾರೂ ಮರಳಿ ನೋಡುವುದಿಲ್ಲ. ಕೈಯಲ್ಲಿ ಬರೆಯುವಾಗ ಆಗುವ ತಡವೇ ಯಾವುದು ಬರೆಯಲು ಯೋಗ್ಯ ಎಂದು ತೀರ್ಮಾನಿಸಿಕೊಡುತ್ತದೆ.

ಮೊದಲ ಸುತ್ತು

ಮೊದಲ ಸುತ್ತಿನಲ್ಲಿ ನೋಟ್‌ಬುಕ್ ಮುಟ್ಟಬೇಡಿ. ಒಂದು ಕೂತಿಗೆ 25ರಿಂದ 40 ಪುಟ, ವಾರಕ್ಕೆ ನಾಲ್ಕೈದು ಸಲ. ಏನಾದರೂ ಕಣ್ಣಿಗೆ ಬಿದ್ದರೆ ಅಲ್ಲೊಂದು ಚೀಟಿ ಇಟ್ಟು ಮುಂದೆ ಹೋಗಿ. ಈ ಸುತ್ತಿನಲ್ಲಿ ಲೋಕದೊಳಗೆ ಮತ್ತೆ ಕಾಲಿಟ್ಟರೆ ಸಾಕು. ಶುರುವಿನಲ್ಲೇ ಪೆನ್ಸಿಲ್ ಹಿಡಿದರೆ ಓದು ಪರೀಕ್ಷೆಯ ತಯಾರಿಯಂತಾಗಿ, ಇಪ್ಪತ್ತನೇ ಪುಟಕ್ಕೇ ಬೇಸರ ಬರುತ್ತದೆ.

ಇದೇ ಸುತ್ತಿನಲ್ಲಿ ಚುಚ್ಚುವ ಸಂಗತಿಗಳೂ ಎದುರಾಗುತ್ತವೆ. ಇಡೀ ಒಂದು ಜನಾಂಗವನ್ನೇ ಕೇಡಿಗರೆಂದು ಬಗೆದಿರುವುದು, ಹೆಂಗಸರು ಎರಡೇ ಪುಟದಲ್ಲಿ ಬಂದು ಹೋಗುವುದು, ಆಳುಕಾಳುಗಳಿಗೆ ಹೆಸರೇ ಇಲ್ಲದಿರುವುದು. ಇವನ್ನು ಕಂಡಿಲ್ಲವೆಂಬಂತೆ ದಾಟಿದರೆ ಓದು ಒಳಗಿಂದ ಹುಳಿಯುತ್ತದೆ, ಅದೇ ಕಾರಣಕ್ಕೆ ಪುಸ್ತಕ ಮುಚ್ಚಿದರೆ ಬಹಳಷ್ಟು ಕೈತಪ್ಪುತ್ತದೆ. ಚೀಟಿಯ ಮೇಲೆ ಒಂದೇ ಪ್ರಶ್ನೆ ಬರೆಯಿರಿ: ಈ ಘಟನೆಯನ್ನು ಇಲ್ಲಿ ಮಾತಾಡದೆ ನಿಂತವರು ಹೇಗೆ ಹೇಳುತ್ತಿದ್ದರು?

ಇದು ಓದುಗರು ಮಾತ್ರ ಕೇಳುವ ಪ್ರಶ್ನೆಯಲ್ಲ. ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ತಮ್ಮ ಅರ್ಥ್‌ಸೀ ದ್ವೀಪಸಮೂಹದ ಮೊದಲ ಕಾದಂಬರಿಯನ್ನು 1968ರಲ್ಲಿ, ಮೂರನೆಯದನ್ನು 1972ರಲ್ಲಿ ಪ್ರಕಟಿಸಿದರು. ಆ ಲೋಕದ ಮಾಂತ್ರಿಕರ ಶಾಲೆಯಲ್ಲಿ ಗಂಡಸರಿಗೆ ಮಾತ್ರ ಪ್ರವೇಶ. 1990ರಲ್ಲಿ ನಾಲ್ಕನೆಯ ಕಾದಂಬರಿಯೊಂದಿಗೆ ಅವರು ಅದೇ ದ್ವೀಪಗಳಿಗೆ ಮರಳಿದಾಗ, ಕಥೆಯನ್ನು ನಡುವಯಸ್ಸು ಮುಟ್ಟಿದ, ಗಂಡನನ್ನು ಕಳೆದುಕೊಂಡ ರೈತ ಹೆಂಗಸೊಬ್ಬಳ ಕಣ್ಣಿನಿಂದ ನೋಡಿದರು. ಅದೇ ಸಮುದ್ರ, ಅದೇ ಮಂತ್ರ, ಆದರೆ ಈಗ ಅಡುಗೆಮನೆ, ಆಡು, ಸುಟ್ಟಗಾಯದ ಮಗು. ಕಟ್ಟಿದವರೇ ತಮ್ಮ ಲೋಕವನ್ನು ಹೀಗೆ ಮರಳಿ ಓದಿದ್ದಾರೆ ಎಂದಮೇಲೆ ಓದುಗರಿಗೆ ಯಾವ ಸಂಕೋಚವೂ ಬೇಕಿಲ್ಲ.

ಎರಡನೇ ಸುತ್ತು: ಒಂದೇ ಎಳೆ

ಮೊದಲ ಸುತ್ತು ಮುಗಿದು ಒಂದು ವಾರವಾದ ಮೇಲೆ ಎರಡನೆಯದನ್ನು ಶುರುಮಾಡಿ. ಈಗ ಒಂದೇ ಒಂದು ಎಳೆ ಹಿಡಿದು ಪುಸ್ತಕ ಪೂರ್ತಿ ಸಾಗಬೇಕು: ಅನ್ನ, ಅಥವಾ ದೂರ, ಅಥವಾ ಮಾಂತ್ರಿಕತೆಯ ಬೆಲೆ, ಅಥವಾ ಹೆಸರುಗಳು. ಎಲ್ಲ ಎಳೆಗಳನ್ನೂ ಒಟ್ಟಿಗೆ ಹಿಡಿಯಲು ಹೋದರೆ ಪ್ರತಿ ಪುಟಕ್ಕೂ ಹತ್ತು ಟಿಪ್ಪಣಿಯಾಗಿ, ಐದನೇ ಅಧ್ಯಾಯಕ್ಕೆ ಕೈ ಸೋಲುತ್ತದೆ. ಈ ಸುತ್ತಿನಲ್ಲಿ ಎಲ್ಲ ಸಾಲನ್ನೂ ಓದಬೇಕೆಂದಿಲ್ಲ. ನಿಮ್ಮ ಎಳೆ ಕಾಣದ ಪುಟಗಳನ್ನು ಸರಸರನೆ ದಾಟಿ.

ಮೊದಲ ಸಲಕ್ಕೆ ಅನ್ನದ ಎಳೆಯೇ ಉತ್ತಮ. ನೋಟ್‌ಬುಕ್‌ನಲ್ಲಿ ನಾಲ್ಕು ಅಂಕಣ ಮಾಡಿ: ಅಧ್ಯಾಯ, ಯಾರು ಏನು ತಿಂದರು, ಅದು ಎಲ್ಲಿ ಬೆಳೆಯಿತು, ಅಲ್ಲಿಗೆ ಹೇಗೆ ಬಂತು. ಮೂರು ಮತ್ತು ನಾಲ್ಕನೇ ಅಂಕಣ ಬಹುಪಾಲು ಖಾಲಿ ಉಳಿಯುತ್ತವೆ. ಉಳಿಯಲಿ. ಇನ್ನು ಲೆಕ್ಕ. ಮುಖ್ಯವಾಗಿ ಧಾನ್ಯವನ್ನೇ ಉಂಡು ಬದುಕುವ ದೊಡ್ಡವರಿಗೆ ದಿನಕ್ಕೆ ಸುಮಾರು 700 ಗ್ರಾಂ ಬೇಕು. ಒಂದು ಲಕ್ಷ ಜನರ ರಾಜಧಾನಿ ಎಂದರೆ ದಿನಕ್ಕೆ 70 ಟನ್. ಜೋಡೆತ್ತಿನ ಗಾಡಿಗೆ 500 ಕಿಲೋ ಹೇರಿದರೂ 140 ಗಾಡಿಗಳು ದಿನವೂ ಊರ ಬಾಗಿಲಿಗೆ ಬರಬೇಕು, ಮಳೆಗಾಲದಲ್ಲೂ. ಆ ಎತ್ತುಗಳಿಗೂ ದಾರಿಯುದ್ದಕ್ಕೂ ಮೇವು ಬೇಕು. ನಿಜ ಚರಿತ್ರೆಯ ದೊಡ್ಡ ಊರುಗಳು ನದಿ ದಡದಲ್ಲೋ ಬಂದರಿನಲ್ಲೋ ಬೆಳೆದದ್ದಕ್ಕೆ ಇದೊಂದು ಮುಖ್ಯ ಕಾರಣ: ದೋಣಿಯಲ್ಲಿ ಸಾಗಿಸುವುದು ಗಾಡಿಯಲ್ಲಿ ಸಾಗಿಸುವುದಕ್ಕಿಂತ ಎಷ್ಟೋ ಅಗ್ಗ.

ಈಗ ನಿಮ್ಮ ಪುಸ್ತಕದ ಬೆಟ್ಟದ ತುದಿಯ ಬಿಳಿ ನಗರವನ್ನು ನೋಡಿ. ಸುತ್ತ ಹೊಲ ಇದೆಯೇ? ನದಿ ಎಷ್ಟು ದೂರ? ಯಂತ್ರಗಳಿಲ್ಲದ ಲೋಕದಲ್ಲಿ ಹತ್ತರಲ್ಲಿ ಎಂಟು ಜನರಾದರೂ ಹೊಲದಲ್ಲಿರಬೇಕು. ಅವರು ಕಥೆಯಲ್ಲಿ ಎಲ್ಲಿದ್ದಾರೆ? ಸೈನ್ಯದ ಲೆಕ್ಕ ಇನ್ನೂ ಸ್ವಾರಸ್ಯಕರ. ಹತ್ತು ಸಾವಿರ ಜನರ ದಂಡಿಗೆ ದಿನಕ್ಕೆ 7 ಟನ್ ಧಾನ್ಯ ಸಾಕು. ಅವರ ಜೊತೆ ಎರಡು ಸಾವಿರ ಕುದುರೆ ಇದ್ದರೆ, ಒಂದಕ್ಕೆ ದಿನಕ್ಕೆ 9 ಕಿಲೋ ಮೇವಿನಂತೆ 18 ಟನ್. ಸವಾರರಿಗಿಂತ ಸವಾರಿಯ ಹೊಟ್ಟೆ ದೊಡ್ಡದು. ದಂಡಯಾತ್ರೆಗೆ ಹುಲ್ಲು ಬೆಳೆದ ಕಾಲವನ್ನೇ ಏಕೆ ಆರಿಸಿಕೊಳ್ಳುತ್ತಿದ್ದರು ಎಂಬುದು ಇಷ್ಟು ಗುಣಿಸಿದರೆ ತಿಳಿಯುತ್ತದೆ. ಇದು ಅರಿವಾದ ಮೇಲೆ ಕಾಳಗದ ಅಧ್ಯಾಯಗಳು ಬೇರೆಯೇ ರೀತಿ ಕಾಣುತ್ತವೆ: ಕತ್ತಿಯ ಹೊಡೆತಕ್ಕಿಂತ ಮುಂಚೆ ಯಾರೋ ಒಂದು ಹುಲ್ಲುಗಾವಲಿಗೆ ಬೆಂಕಿ ಹಚ್ಚಿರುವ ಸಾಲು ಕಣ್ಣಿಗೆ ಬೀಳುತ್ತದೆ, ಮತ್ತು ಲೇಖಕರಿಗೆ ಇದೆಲ್ಲ ಗೊತ್ತಿತ್ತು ಎಂಬುದು ಹೊಳೆದಾಗ ಆಗುವ ಸಂತೋಷ ಬಹಳ ದೊಡ್ಡದು.

ದೂರದ ಎಳೆಗೆ ಅಳತೆಪಟ್ಟಿ ಹೀಗಿದೆ. ಹೊರೆ ಹೊತ್ತು ಒಳ್ಳೆಯ ದಾರಿಯಲ್ಲಿ ನಡೆಯುವವರು ದಿನಕ್ಕೆ 25ರಿಂದ 30 ಕಿಲೋಮೀಟರ್ ಹೋಗುತ್ತಾರೆ, ಬೆಟ್ಟದ ದಾರಿಯಲ್ಲಿ ಅದರ ಅರ್ಧ. ಎತ್ತಿನ ಗಾಡಿ 15ರಿಂದ 20. ಒಂದೇ ಕುದುರೆಯ ಮೇಲೆ ವಾರಗಟ್ಟಲೆ ಸಾಗುವವರು 40ರಿಂದ 50. ಕುದುರೆ ನಾಗಾಲೋಟದಲ್ಲಿ ಓಡುವುದು ಕೆಲವೇ ಕಿಲೋಮೀಟರ್, ರಾತ್ರಿಯಿಡೀ ಅಲ್ಲ. ಹಾಯಿಹಡಗಿಗೆ ಗಾಳಿ ಒದಗಿದರೆ ಹಗಲೂ ರಾತ್ರಿಯೂ ಸೇರಿ 170ರಿಂದ 220. ಈ ಪಟ್ಟಿಯನ್ನು ನೋಟ್‌ಬುಕ್‌ನ ಒಳರಕ್ಷೆಗೆ ಅಂಟಿಸಿಕೊಳ್ಳಿ. ಆಮೇಲೆ ಕಥೆಯ ಪ್ರಯಾಣವನ್ನು ದಿನದಿನಕ್ಕೆ ಬರೆಯುತ್ತ ಹೋಗಿ: ಎಲ್ಲಿ ಹೊರಟರು, ಎಲ್ಲಿ ಮಲಗಿದರು, ಚಂದ್ರ ಹೇಗಿತ್ತು. ಚಂದ್ರನನ್ನು ಮರೆಯಬೇಡಿ. ಹುಣ್ಣಿಮೆಯಿಂದ ಹುಣ್ಣಿಮೆಗೆ 29.5 ದಿನ, ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಹುಟ್ಟುತ್ತಾನೆ, ಬಿದಿಗೆಯ ಎಳೆಚಂದ್ರ ಸಂಜೆ ಪಡುವಣದಲ್ಲಿ ಕಂಡು ಬೇಗ ಮುಳುಗುತ್ತಾನೆ. ಪುಸ್ತಕದ ಲೋಕಕ್ಕೆ ನಮ್ಮಂಥದೇ ಚಂದ್ರನಿದ್ದರೆ ಈ ಮೂರು ಸಂಗತಿಗಳಿಂದಲೇ ಇಡೀ ಕಾಲರೇಖೆ ಕಟ್ಟಬಹುದು.

ನೋಟದ ದೂರಕ್ಕೂ ಒಂದು ಲೆಕ್ಕ ಇದೆ. ಸಮತಟ್ಟಾದ ನೆಲದಲ್ಲಿ ನಿಂತವರಿಗೆ ದಿಗಂತ 5 ಕಿಲೋಮೀಟರಿಗಿಂತ ತುಸು ಹತ್ತಿರ, 30 ಮೀಟರ್ ಗೋಪುರದ ಮೇಲಿಂದ ಸುಮಾರು 20 ಕಿಲೋಮೀಟರ್. ಗೋಪುರದ ಕಾವಲುಗಾರನಿಗೆ ಶತ್ರುವಿನ ದಂಡು ಕಂಡಾಗ ಊರಿನವರಿಗೆ ಉಳಿದಿರುವುದು ಹೆಚ್ಚೆಂದರೆ ಒಂದು ದಿನ. ಇಷ್ಟು ತಿಳಿದು ಓದಿದರೆ ಗಂಟೆ ಬಾರಿಸುವ ದೃಶ್ಯದ ಬಿಗಿ ಎಷ್ಟೋ ಹೆಚ್ಚುತ್ತದೆ.

ಇಂಗ್ಲಿಷ್ ಫ್ಯಾಂಟಸಿ ಲೇಖಕ ಟೋಲ್ಕಿನ್ ತಾವು ನಕ್ಷೆಯಿಂದ ಆರಂಭಿಸಿ ಕಥೆಯನ್ನು ಅದಕ್ಕೆ ಹೊಂದಿಸಿದ್ದಾಗಿ 1954ರ ಒಂದು ಪತ್ರದಲ್ಲಿ ಬರೆದಿದ್ದಾರೆ. ಎಲ್ಲರೂ ಹಾಗೆ ಮಾಡುವುದಿಲ್ಲ. ಕೆಲವರು ಕಥೆ ಬರೆದ ಮೇಲೆ ನಕ್ಷೆ ಹಾಕುತ್ತಾರೆ, ಅದು ಬೇಗ ಗೊತ್ತಾಗುತ್ತದೆ: ನದಿ ಒಂದು ಸಮುದ್ರದಿಂದ ಹೊರಟು ಇನ್ನೊಂದು ಸಮುದ್ರ ಸೇರಿರುತ್ತದೆ, ಒಂದು ಸರೋವರದಿಂದ ನಾಲ್ಕು ದಿಕ್ಕಿಗೆ ಹೊಳೆ ಹರಿದಿರುತ್ತದೆ. ನದಿಗಳು ಇಳಿಜಾರಿನಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತ ಹೋಗುತ್ತವೆ, ಕವಲೊಡೆಯುವುದು ಹೆಚ್ಚಾಗಿ ಸಮುದ್ರದ ಬಳಿಯ ಮುಖಜಭೂಮಿಯಲ್ಲಿ. ಪರ್ವತಸಾಲಿನ ಗಾಳಿ ಬೀಸುವ ಬದಿ ಹಸಿರು, ಹಿಂಬದಿ ಒಣಗು. ನಕ್ಷೆ ಓದಲು ಇವಿಷ್ಟು ಸಾಕು.

ಹೆಸರುಗಳ ಎಳೆ ಚಿಕ್ಕದು. ಊರು, ನದಿ, ಮನೆತನದ ಹೆಸರುಗಳನ್ನೆಲ್ಲ ಪಟ್ಟಿ ಮಾಡಿ, ಕೊನೆಯ ಅಕ್ಷರಗಳ ಪ್ರಕಾರ ಗುಂಪು ಮಾಡಿ. ಮೂರು ನಾಲ್ಕು ಗುಂಪು ಮೂಡಿದರೆ ಆ ನೆಲದ ಮೇಲೆ ಮೂರು ನಾಲ್ಕು ಜನ ಬಂದು ಹೋದ ಪದರ ಕಾಣುತ್ತದೆ. ನದಿಗಳ ಹೆಸರು ಸಾಮಾನ್ಯವಾಗಿ ಅತಿ ಹಳೆಯವು, ಕೋಟೆಗಳ ಹೆಸರು ಹೊಸಬರವು. ಈ ಕೆಲಸಕ್ಕೆ ಆಡಿಯೋ ಪುಸ್ತಕ ಬಹಳ ಸಹಾಯಕ. ಕಣ್ಣು ದಾಟಿಹೋಗುವ ಸಾಮ್ಯ ಕಿವಿಗೆ ಸಿಕ್ಕಿಬೀಳುತ್ತದೆ.

ಮಾಂತ್ರಿಕತೆಗೆ ಬೆಲೆ ಕಟ್ಟುವುದು

ಬಹುತೇಕ ಓದುಗರು ಮಂತ್ರಶಕ್ತಿಯ ನಿಯಮಗಳನ್ನು ಪಟ್ಟಿ ಮಾಡಿ ನಿಲ್ಲುತ್ತಾರೆ. ನಿಯಮಕ್ಕಿಂತ ಮುಖ್ಯವಾದದ್ದು ಪರಿಣಾಮ. ಪುಸ್ತಕದಲ್ಲಿ ಮಂತ್ರ ನಡೆದ ಪ್ರತಿ ಸಲವೂ ಮೂರು ಸಂಗತಿ ಬರೆಯಿರಿ: ಮಾಡಿದವರಿಗೆ ತಗಲಿದ ಬೆಲೆ ಏನು, ಇದನ್ನು ಇನ್ನೂ ಎಷ್ಟು ಜನ ಮಾಡಬಲ್ಲರು, ಇದು ಇರುವುದರಿಂದ ಯಾವ ಕಸುಬು ಸತ್ತಿದೆ ಅಥವಾ ಹುಟ್ಟಿದೆ. ಗಾಯ ಮಾಯಿಸುವ ಮಂತ್ರವಿದ್ದೂ ಹಳ್ಳಿಯಲ್ಲಿ ಮೂಳೆ ಕಟ್ಟುವವರಿದ್ದರೆ, ಮಂತ್ರ ದುಬಾರಿ ಅಥವಾ ಮಂತ್ರದವರು ದೂರ. ದೂರಕ್ಕೆ ಮಾತು ಮುಟ್ಟಿಸುವ ಕನ್ನಡಿ ಇದ್ದೂ ರಾಜ ಓಲೆಕಾರನನ್ನು ಕಳಿಸಿದರೆ, ಕನ್ನಡಿಯ ಮೇಲೆ ಅವನಿಗೆ ನಂಬಿಕೆಯಿಲ್ಲ. ಒಳ್ಳೆಯ ಪುಸ್ತಕಗಳಲ್ಲಿ ಈ ಉತ್ತರಗಳು ಹೆಚ್ಚಾಗಿ ಎಲ್ಲೋ ಒಂದು ಅರ್ಧ ವಾಕ್ಯದಲ್ಲಿ ಅಡಗಿರುತ್ತವೆ, ಮೊದಲ ಓದಿನಲ್ಲಿ ಯಾರಿಗೂ ಕಾಣದಂತೆ.

ತಾಳೆಯಾಗದ ಸಂಗತಿಗಳು

ಲೆಕ್ಕ ಹಾಕುತ್ತ ಹೋದಂತೆ ಹೊಂದದ ಸಂಗತಿಗಳು ಸಿಗುತ್ತವೆ. ಇಲ್ಲೇ ಓದು ಹಳ್ಳ ಹಿಡಿಯುವ ಅಪಾಯ ಹೆಚ್ಚು. ತಪ್ಪು ಹಿಡಿಯುವ ಚಟ ಹತ್ತಿದರೆ ಪ್ರೀತಿ ಹೋಗಿ ವಕೀಲಿಕೆ ಉಳಿಯುತ್ತದೆ. ಅದನ್ನು ತಡೆಯಲು ಪ್ರತಿ ಹೊಂದದ ಸಂಗತಿಯ ಪಕ್ಕ ನಾಲ್ಕರಲ್ಲಿ ಒಂದು ಗುರುತು ಹಾಕಿ: ಲೇಖಕರ ಕೈತಪ್ಪು, ಹೇಳುವವರ ಅಜ್ಞಾನ ಅಥವಾ ಸುಳ್ಳು, ಬೇಕೆಂದೇ ಬಿಟ್ಟ ಮೌನ, ನನ್ನದೇ ಗಮನಲೋಪ. ಮೊದಲನೆಯ ಗುರುತನ್ನು ಉಳಿದ ಮೂರೂ ಸುಳ್ಳಾದ ಮೇಲೆ ಮಾತ್ರ ಹಾಕಬೇಕು.

ಎರಡನೆಯ ಗುರುತು ಎಷ್ಟು ಫಲ ಕೊಡಬಲ್ಲದು ಎಂಬುದಕ್ಕೆ ಟೋಲ್ಕಿನ್ನರ ದಿ ಹಾಬಿಟ್ ಒಳ್ಳೆಯ ಸಾಕ್ಷಿ. 1937ರ ಮೊದಲ ಮುದ್ರಣದಲ್ಲಿ ಗುಹೆಯ ಜೀವಿ ಗೊಲ್ಲಮ್, ಕಥಾನಾಯಕ ಬಿಲ್ಬೋ ಜೊತೆಗಿನ ಒಗಟಿನ ಪಂದ್ಯಕ್ಕೆ ತನ್ನ ಮಾಯದ ಉಂಗುರವನ್ನೇ ಬಹುಮಾನವಾಗಿ ಒಡ್ಡಿದ್ದ. ಮುಂದಿನ ಬೃಹತ್ ಕಾದಂಬರಿ ದಿ ಲಾರ್ಡ್ ಆಫ್ ದಿ ರಿಂಗ್ಸ್‌ನಲ್ಲಿ ಉಂಗುರದ ಸ್ವಭಾವವೇ ಬೇರೆಯಾದ್ದರಿಂದ ಇದು ಹೊಂದಲಿಲ್ಲ. 1951ರ ಮುದ್ರಣಕ್ಕೆ ಆ ಅಧ್ಯಾಯವನ್ನು ತಿದ್ದಿ ಬರೆದರು. ಅಷ್ಟಕ್ಕೇ ಬಿಡದೆ, ದೊಡ್ಡ ಕಾದಂಬರಿಯ ಪೀಠಿಕೆಯಲ್ಲಿ ಹಳೆಯ ಕಥನವನ್ನು ಬಿಲ್ಬೋ ಹೇಳಿದ ಸುಳ್ಳೆಂದು ಸೇರಿಸಿಕೊಂಡರು. ಆ ಸುಳ್ಳೇ ಉಂಗುರ ಅವನ ಮೇಲೆ ಕೆಲಸ ಮಾಡತೊಡಗಿದ ಗುರುತಾಯಿತು. ಹೊಂದದ ಎರಡು ಕಥನಗಳಿಂದ ಮೂರನೆಯ, ಇನ್ನೂ ಆಳದ ಸತ್ಯ ಹುಟ್ಟಿತು.

ಒಂದು ಮೌನದಿಂದ ನಿಮ್ಮ ಲೋಕಕ್ಕೆ

ಎರಡನೇ ಸುತ್ತಿನ ಕೊನೆಗೆ ಮೌನ ಎಂದು ಗುರುತು ಹಾಕಿದ ಹತ್ತು ಹದಿನೈದು ಸಾಲುಗಳು ಕೈಯಲ್ಲಿರುತ್ತವೆ. ಅದರಲ್ಲಿ ಒಂದನ್ನು ಆರಿಸಿ, ಪುಸ್ತಕದಲ್ಲಿ ಖಚಿತವಾಗಿ ಇರುವ ಮೂರು ಸಂಗತಿ ಬರೆಯಿರಿ, ನಿಮ್ಮದೊಂದು ಊಹೆ ಸೇರಿಸಿ, ಆ ಊಹೆಯಿಂದ ಹೊಮ್ಮುವ ಪರಿಣಾಮಗಳನ್ನು ಒಂದರ ಹಿಂದೊಂದು ಬರೆಯುತ್ತ ಹೋಗಿ. ಊಹೆ ಒಂದೇ ಇರಲಿ. ಎರಡಾದರೆ ಯಾವುದರಿಂದ ಏನು ಹುಟ್ಟಿತು ಎಂಬುದು ಕಲಸಿಹೋಗುತ್ತದೆ.

ಉದಾಹರಣೆಗೆ, ಗಾಯ ಮಾಯಿಸುವವರು ಅದಕ್ಕಾಗಿ ತಮ್ಮ ಮೈಯ ಬಿಸಿಯನ್ನು ಕಳೆದುಕೊಳ್ಳುತ್ತಾರೆ ಎಂದುಕೊಳ್ಳಿ. ಹಾಗಾದರೆ ಒಂದೊಂದು ಚಿಕಿತ್ಸೆಗೂ ಪಕ್ಕದಲ್ಲಿ ದೊಡ್ಡ ಬೆಂಕಿ ಬೇಕು. ಚಿಕಿತ್ಸಾಲಯಗಳು ಕಾಡಿನಂಚಿನಲ್ಲೋ ಬಿಸಿನೀರಿನ ಬುಗ್ಗೆಯ ಬಳಿಯೋ ಇರುತ್ತವೆ. ಚಳಿಗಾಲದಲ್ಲಿ ಚಿಕಿತ್ಸೆ ದುಬಾರಿ. ಬಡವರು ನೋವು ನುಂಗಿಕೊಂಡು ಬೇಸಿಗೆಗೆ ಕಾಯುತ್ತಾರೆ, ಹಾಗಾಗಿ ಬೇಸಿಗೆಯ ಮೊದಲ ವಾರ ಊರ ದಾರಿಗಳಲ್ಲಿ ಕುಂಟುವವರ ಸಾಲು. ಸೌದೆ ಮಾರುವವರ ಸಂಘಕ್ಕೆ ವೈದ್ಯರಷ್ಟೇ ಅಧಿಕಾರ. ಯುದ್ಧ ನಡೆದಲ್ಲೆಲ್ಲ ಗುಡ್ಡ ಬೋಳಾಗುತ್ತದೆ, ಗುಡ್ಡ ಬೋಳಾದಲ್ಲಿ ಮಣ್ಣು ಕೊಚ್ಚಿಹೋಗಿ ಬಂದರು ತುಂಬಿಕೊಳ್ಳುತ್ತದೆ. ಮುಖ್ಯ ವೈದ್ಯೆಯ ಕೈ ಯಾವಾಗಲೂ ತಣ್ಣಗೆ, ಅವಳ ಮಕ್ಕಳಿಗೆ ತಾಯಿಯ ಸ್ಪರ್ಶ ಎಂದರೆ ಚಳಿ. ಒಂದೇ ಊಹೆಯಿಂದ ಭೂಗೋಳ, ಹಣ, ರಾಜಕೀಯ, ಮನೆ ನಾಲ್ಕೂ ಬಂದವು. ಇಲ್ಲಿಗೆ ಬಂದಾಗ ಮೂಲ ಪುಸ್ತಕದ ಹೆಸರುಗಳನ್ನೂ ನೆಲವನ್ನೂ ಬಿಟ್ಟುಬಿಡಬಹುದು. ಈ ಲೋಕ ಈಗ ನಿಮ್ಮದು.

ಇದನ್ನು 300ರಿಂದ 500 ಪದದ ಒಂದು ದೃಶ್ಯವಾಗಿ ಬರೆಯಿರಿ, ನಿಯಮ ತಿಳಿಯದ ಒಬ್ಬರ ಕಣ್ಣಿನಿಂದ: ಸೌದೆ ಹೊತ್ತವಳು, ಸಾಲಿನಲ್ಲಿ ನಿಂತವನು. ಎಲ್ಲೂ ವಿವರಿಸಬೇಡಿ. ಓದಿದವರು ನಿಯಮವನ್ನು ತಾವೇ ಊಹಿಸಿದರೆ ದೃಶ್ಯ ಗೆದ್ದಿತು. ಊಹಿಸಲಾಗದಿದ್ದರೆ ವಿವರಣೆಯ ಸಾಲು ಸೇರಿಸುವ ಬದಲು ಕಣ್ಣಿಗೆ ಕಾಣುವ ಇನ್ನೊಂದು ಪರಿಣಾಮ ಸೇರಿಸಿ.

ಈ ಹಂತದಲ್ಲಿ ಕೆಡುವುದು ಹೆಚ್ಚಾಗಿ ಮೂರು ಕಡೆ. ಅಭಿಮಾನಿಗಳು ಕಟ್ಟಿದ ವಿಶ್ವಕೋಶವನ್ನು ಮಧ್ಯದಲ್ಲೇ ತೆರೆದರೆ ನಿಮ್ಮ ಮೌನಗಳಿಗೆಲ್ಲ ಬೇರೆಯವರ ಉತ್ತರ ಸಿಕ್ಕಿ, ಊಹಿಸುವ ಹಸಿವೇ ಇಂಗುತ್ತದೆ. ದೃಶ್ಯ ಬರೆದಾಗುವವರೆಗೆ ಅದನ್ನು ಮುಟ್ಟಬೇಡಿ. ಅರವತ್ತು ಊರುಗಳ ನಕ್ಷೆ ಬಿಡಿಸಿ, ಒಂದರಲ್ಲೂ ಯಾರೂ ವಾಸಿಸದಿರುವುದು ಇನ್ನೊಂದು. ಒಂದು ಹಳ್ಳಿ, ಅದರ ಒಂದು ಜಗಳ, ಆ ಜಗಳಕ್ಕೆ ಕಾರಣವಾದ ಒಂದು ಬಾವಿಯೋ ದಾರಿಯೋ ಸಾಕು. ಸಾವಿರ ವರ್ಷದ ಚರಿತ್ರೆಯನ್ನು ಮೊದಲೇ ಬರೆಯಲು ಕೂರುವುದು ಮೂರನೆಯದು. ಸಾವಿರ ವರ್ಷ ಎಂದರೆ ಸುಮಾರು 35ರಿಂದ 40 ತಲೆಮಾರು, ಅಷ್ಟರಲ್ಲಿ ಭಾಷೆಯೇ ಗುರುತು ಸಿಗದಷ್ಟು ಬದಲಾಗಿರುತ್ತದೆ. ಅಜ್ಜಿಯ ಅಜ್ಜಿಯ ಕಾಲದವರೆಗಿನ ನೆನಪು, ಅಂದರೆ ನೂರು ನೂರಿಪ್ಪತ್ತು ವರ್ಷ, ಒಂದು ಹಳ್ಳಿಯ ಕಥೆಗೆ ಧಾರಾಳ.

ವಾರಕ್ಕೆ ನಾಲ್ಕೈದು ಕೂತಿನ ಲೆಕ್ಕದಲ್ಲಿ 400 ಪುಟದ ಪುಸ್ತಕಕ್ಕೆ ಎರಡು ಸುತ್ತು ಮತ್ತು ಒಂದು ದೃಶ್ಯ ಸೇರಿ ಆರರಿಂದ ಎಂಟು ವಾರ ಹಿಡಿಯುತ್ತದೆ. ಅದಾದ ಕೂಡಲೇ ಅದೇ ಪುಸ್ತಕದಲ್ಲಿ ಇನ್ನೊಂದು ಎಳೆ ಹಿಡಿಯುವುದಕ್ಕಿಂತ, ಅದೇ ಎಳೆಯನ್ನು ಬೇರೊಬ್ಬ ಲೇಖಕರ ಪುಸ್ತಕದಲ್ಲಿ ಹಿಡಿಯುವುದು ಹೆಚ್ಚು ಕಲಿಸುತ್ತದೆ. ನೋಟ್‌ಬುಕ್‌ನ ಎಡಪುಟದಲ್ಲಿ ಮೊದಲ ಪುಸ್ತಕದ ಅನ್ನದ ಲೆಕ್ಕ, ಬಲಪುಟದಲ್ಲಿ ಎರಡನೆಯದರದು. ಒಬ್ಬರು ಊಟವನ್ನು ಆತಿಥ್ಯಕ್ಕೆ ಬಳಸಿರುತ್ತಾರೆ, ಇನ್ನೊಬ್ಬರು ಹಸಿವನ್ನು ಕಾಲ ತೋರಿಸಲು. ಮೊದಲ ಪುಸ್ತಕಕ್ಕೆ ಒಂದು ವರ್ಷ ಕಳೆದ ಮೇಲೆ, ದೂರದ ಎಳೆಯೊಂದಿಗೆ ಮರಳಬಹುದು.